ಪಿ.ಯು.ಸಿ. ನಂತರ ಯಾವ ಪದವಿ? ರೈತ ಕುಟುಂಬಗಳು ಗಮನಿಸಬೇಕಾದ ಅಂಶಗಳು

ದ್ವಿತೀಯ ಪಿ.ಯು.ಸಿ. ಫಲಿತಾಂಶ ಹೊರಬೀಳುವ ಹೊತ್ತಿಗೆ ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಭಾಗದ ರೈತರು ಮಾಗಿ ಉಳುಮೆ ಮುಗಿಸಿ ಮುಂಗಾರಿಗೆ ಬೀಜ, ಗೊಬ್ಬರ ಹೊಂದಿಸುವ ಚಿಂತೆಯಲ್ಲಿರುತ್ತಾರೆ. ಅದೇ ದಿನಗಳಲ್ಲಿ ಮನೆಯ ಮಗ ಅಥವಾ ಮಗಳು ಮುಂದೆ ಏನನ್ನು ಓದಬೇಕು ಎಂಬ ಪ್ರಶ್ನೆಯೂ ಎದುರಾಗುತ್ತದೆ. ಬಿತ್ತನೆಗೂ ಹಣ ಬೇಕು, ಕಾಲೇಜಿಗೂ ಹಣ ಬೇಕು; ಎರಡಕ್ಕೂ ದಿನಗಳು ಕಡಿಮೆ. ಇಂತಹ ಅವಸರದಲ್ಲಿ ಬಹಳ ಮನೆಗಳಲ್ಲಿ ಬೀಜದ ತಳಿಯನ್ನು ನಾಲ್ಕು ಕಡೆ ವಿಚಾರಿಸಿ ಆರಿಸುತ್ತಾರೆ, ಪದವಿಯನ್ನು ಮಾತ್ರ ಯಾರೋ ಒಬ್ಬರು ಹೇಳಿದ ಮಾತಿನ ಮೇಲೆ ಆರಿಸಿಬಿಡುತ್ತಾರೆ.

ಹೊಲಕ್ಕೆ ಒಗ್ಗದ ಬೆಳೆ ಹಾಕಿದರೆ ಒಂದು ಹಂಗಾಮು ನಷ್ಟವಾಗುತ್ತದೆ. ಮುಂದಿನ ಹಂಗಾಮಿಗೆ ತಿದ್ದಿಕೊಳ್ಳಬಹುದು. ಒಗ್ಗದ ಪದವಿಗೆ ಸೇರಿದರೆ 3ರಿಂದ 5 ವರ್ಷ ಮತ್ತು ಕುಟುಂಬದ ಉಳಿತಾಯ ಹೋಗುತ್ತದೆ. ಕೆಲವೊಮ್ಮೆ ಅಡವಿಟ್ಟ ಜಮೀನೂ ಹೋಗುತ್ತದೆ. ಆದುದರಿಂದ ವೈದ್ಯಕೀಯವೋ ಬೇಸಾಯ ವಿಜ್ಞಾನವೋ, ಇಂಜಿನಿಯರಿಂಗೋ ಕನ್ನಡ ಸಾಹಿತ್ಯವೋ ಎಂದು ಮನಸ್ಸು ಎರಡಾದಾಗ ತೀರ್ಮಾನಕ್ಕೆ ಬರುವ ಕ್ರಮವನ್ನು ತಿಳಿದುಕೊಳ್ಳುವುದು ಅವಶ್ಯ.

ಆಯ್ಕೆಗಳು ಹೆಚ್ಚಿದಂತೆ ಗೊಂದಲವೂ ಹೆಚ್ಚಿತು

1948ರ ಸೆಪ್ಟೆಂಬರ್‌ವರೆಗೆ ಈ ಭಾಗವು ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಉನ್ನತ ಶಿಕ್ಷಣವೆಂದರೆ 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯ. ಅಲ್ಲಿನ ಬೋಧನಾ ಭಾಷೆ ಉರ್ದು. ಹಳ್ಳಿಯ ಕನ್ನಡದ ಹುಡುಗನಿಗೆ ಅಲ್ಲಿಯವರೆಗೆ ಹೋಗುವುದೇ ದೊಡ್ಡ ಸಾಧನೆಯಾಗಿತ್ತು. ಯಾವ ವಿಷಯ ಎಂಬ ಪ್ರಶ್ನೆ ಹೆಚ್ಚಿನವರಿಗೆ ಏಳುತ್ತಲೇ ಇರಲಿಲ್ಲ.

ಈಗ ಪರಿಸ್ಥಿತಿ ಬೇರೆ. ರಾಯಚೂರು ಕೃಷಿ ವಿಜ್ಞಾನಗಳ ವಿಶ್ವವಿದ್ಯಾನಿಲಯವು 2008ರಲ್ಲಿ ಧಾರವಾಡದಿಂದ ಬೇರೆಯಾಗಿ ಸ್ಥಾಪನೆಯಾಯಿತು. ರಾಯಚೂರಿನಲ್ಲಿ ಕೃಷಿ ಮತ್ತು ಕೃಷಿ ಇಂಜಿನಿಯರಿಂಗ್ ಮಹಾವಿದ್ಯಾಲಯಗಳಿವೆ. ಗಂಗಾವತಿಯಲ್ಲಿ ಕೃಷಿ ಸಂಶೋಧನಾ ಕೇಂದ್ರ ಮತ್ತು ಕೃಷಿ ವಿಜ್ಞಾನ ಕೇಂದ್ರ ಕೆಲಸ ಮಾಡುತ್ತಿವೆ. ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾನಿಲಯಕ್ಕೆ ಸೇರಿದ ಮಹಾವಿದ್ಯಾಲಯವು ಮುನಿರಾಬಾದಿನಲ್ಲಿದೆ. ಪಶುವೈದ್ಯಕೀಯ ವಿಶ್ವವಿದ್ಯಾನಿಲಯದ ಕೇಂದ್ರ ಬೀದರ. ಕೊಪ್ಪಳದ ಸರ್ಕಾರಿ ವೈದ್ಯಕೀಯ ಕಾಲೇಜು 2015ರಲ್ಲಿ ಆರಂಭವಾಯಿತು. ಗಂಗಾವತಿ ಮತ್ತು ತಳಕಲ್‌ಗಳಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜುಗಳು ಬಂದಿವೆ. 2025ರ ಮೇ ತಿಂಗಳಲ್ಲಿ ಕುಷ್ಟಗಿಗೆ ರೈಲು ಬಂದು ಹುಬ್ಬಳ್ಳಿಯ ದಾರಿಯೂ ಸುಲಭವಾಯಿತು. ಮನೆಯಿಂದ ಒಂದು ದಿನದ ಪ್ರಯಾಣದೊಳಗೆ ಇಷ್ಟು ಬಗೆಯ ಶಿಕ್ಷಣ ದೊರೆಯುವಾಗ ಮನಸ್ಸು ಅತ್ತಿತ್ತ ಹೊಯ್ದಾಡುವುದು ಸಹಜ. ಇದನ್ನು ಮಕ್ಕಳ ಚಂಚಲತೆ ಎಂದು ಬೈಯುವುದು ಸರಿಯಲ್ಲ.

ಪಕ್ಕದ ಹೊಲ ನೋಡಿ ಬಿತ್ತುವ ಅಪಾಯ

ಕುಷ್ಟಗಿ ಭಾಗದ ರೈತರಿಗೆ ದಾಳಿಂಬೆಯ ಅನುಭವವಿದೆ. ಒಬ್ಬರಿಗೆ ಲಾಭ ಬಂದಿತೆಂದು ಹತ್ತು ಜನ ಗಿಡ ಹಾಕಿದರು. ದುಂಡಾಣು ಅಂಗಮಾರಿ ರೋಗ ಬಂದಾಗ ಹತ್ತೂ ತೋಟಗಳಿಗೆ ಒಟ್ಟಿಗೇ ಪೆಟ್ಟು ಬಿತ್ತು. ಗಿಡ ಒಳ್ಳೆಯದೇ, ಭೂಮಿಯೂ ಒಳ್ಳೆಯದೇ. ಆದರೆ ರೋಗ ನಿರ್ವಹಣೆ ತಿಳಿದು, ಖರ್ಚು ತಡೆದುಕೊಳ್ಳುವ ಶಕ್ತಿಯಿದ್ದವರು ಮಾತ್ರ ಉಳಿದುಕೊಂಡರು.

ಶಿಕ್ಷಣದಲ್ಲಿಯೂ ಹೀಗೆಯೇ ಆಗಿದೆ. 2000ದ ದಶಕದಲ್ಲಿ ಶಿಕ್ಷಕರ ನೇಮಕಾತಿ ಜೋರಾಗಿದ್ದಾಗ ರಾಜ್ಯದಲ್ಲಿ ಡಿ.ಎಡ್. ಕಾಲೇಜುಗಳು ಊರೂರಿಗೆ ತೆರೆದವು. ಪಿ.ಯು.ಸಿ. ಮುಗಿಸಿದ ಮಕ್ಕಳು ಗುಂಪುಗುಂಪಾಗಿ ಸೇರಿದರು. ನೇಮಕಾತಿ ತಗ್ಗಿದ ಮೇಲೆ ಸಾವಿರಾರು ಮಂದಿ ಪ್ರಮಾಣಪತ್ರ ಹಿಡಿದು ಕಾಯಬೇಕಾಯಿತು. ಎಷ್ಟೋ ಕಾಲೇಜುಗಳು ಮುಚ್ಚಿದವು. ಪಾಠ ಹೇಳುವುದರಲ್ಲಿ ನಿಜವಾದ ಒಲವಿದ್ದವರು ಮುಂದೆ ಪದವಿ, ಬಿ.ಎಡ್. ಮಾಡಿಕೊಂಡು ದಾರಿ ಕಂಡುಕೊಂಡರು. ನೌಕರಿಗಾಗಿ ಮಾತ್ರ ಸೇರಿದವರಿಗೆ ಹಿಂದಿರುಗಲು ದಾರಿ ಇರಲಿಲ್ಲ.

ಇದರಿಂದ ತಿಳಿಯಬೇಕಾದುದು ಇಷ್ಟು. ಇಂದಿನ ಬೇಡಿಕೆ ಮಗು ಓದು ಮುಗಿಸುವ 4-5 ವರ್ಷಗಳ ನಂತರವೂ ಹಾಗೆಯೇ ಇರುತ್ತದೆಂದು ಭಾವಿಸಬಾರದು. ಬೆಲೆಯ ಜೊತೆಗೆ ನೆಲವನ್ನೂ ನೋಡಿ ಬೆಳೆ ಆರಿಸುವಂತೆ, ನೌಕರಿಯ ಜೊತೆಗೆ ಮಗುವಿನ ಗುಣವನ್ನೂ ನೋಡಿ ಪದವಿ ಆರಿಸಬೇಕು.

ಯಾವ ಬಾಗಿಲು ಮುಚ್ಚುತ್ತದೆ, ಯಾವುದು ತೆರೆದಿರುತ್ತದೆ?

ಎರಡು ದಾರಿಗಳ ನಡುವೆ ಮನಸ್ಸು ತೂಗಾಡುವಾಗ ಮೊದಲು ಕೇಳಬೇಕಾದ ಪ್ರಶ್ನೆ ಇದು. ಕೆಲವು ದಾರಿಗಳನ್ನು ಈಗ ಬಿಟ್ಟರೆ ಮುಂದೆ ಹಿಡಿಯುವುದು ಬಹಳ ಕಷ್ಟ. ಕೆಲವನ್ನು ಹತ್ತು ವರ್ಷದ ನಂತರವೂ ಹಿಡಿಯಬಹುದು.

1. ವೈದ್ಯಕೀಯ, ಪಶುವೈದ್ಯಕೀಯ, ಬಿ.ಎಸ್ಸಿ. ಕೃಷಿ, ತೋಟಗಾರಿಕೆ, ಅರಣ್ಯ ವಿಜ್ಞಾನ ಈ ಪದವಿಗಳಿಗೆ ಪಿ.ಯು.ಸಿ.ಯಲ್ಲಿ ಜೀವಶಾಸ್ತ್ರ ಬೇಕು. ಇಂಜಿನಿಯರಿಂಗ್ ಮತ್ತು ಕೃಷಿ ಇಂಜಿನಿಯರಿಂಗ್‌ಗೆ ಗಣಿತ ಬೇಕು. ಎಸ್.ಎಸ್.ಎಲ್.ಸಿ. ಮುಗಿದ ಮೇಲೆ ಯಾವ ಕಡೆಗೆ ಎಂದು ನಿಶ್ಚಯವಾಗದೆ, ವಿಜ್ಞಾನದಲ್ಲಿ ಆಸಕ್ತಿಯಿರುವ ಮಗುವಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ನಾಲ್ಕೂ ಇರುವ ಸಂಯೋಜನೆ ಎರಡು ವರ್ಷದ ಕಾಲಾವಕಾಶ ಕೊಡುತ್ತದೆ.

2. ವಿಜ್ಞಾನ ಓದಿದವರು ಮುಂದೆ ಬಿ.ಎ., ಬಿ.ಕಾಂ. ಅಥವಾ ಕಾನೂನಿಗೆ ಹೋಗಬಹುದು. ಕಲೆ ಅಥವಾ ವಾಣಿಜ್ಯ ಓದಿದವರು ವೈದ್ಯಕೀಯಕ್ಕಾಗಲಿ ಕೃಷಿ ಪದವಿಗಾಗಲಿ ಹೋಗಲಾರರು.

3. ಕಾನೂನನ್ನು ಪಿ.ಯು.ಸಿ. ನಂತರ 5 ವರ್ಷ ಓದಬಹುದು, ಅಥವಾ ಯಾವುದೇ ಪದವಿಯ ನಂತರ 3 ವರ್ಷ ಓದಬಹುದು. ಕೆ.ಎ.ಎಸ್., ಐ.ಎ.ಎಸ್. ಪರೀಕ್ಷೆಗಳಿಗೆ ಯಾವುದೇ ಪದವಿ ಸಾಕು. ಕೃಷಿ ಪದವೀಧರರೂ ಪಶುವೈದ್ಯರೂ ಈ ಪರೀಕ್ಷೆಗಳನ್ನು ಬರೆಯುತ್ತಾರೆ. ಆಡಳಿತ ಸೇವೆಯೇ ಗುರಿಯಾದರೂ ಇಷ್ಟವಾದ ವಿಷಯದ ಪದವಿಯನ್ನು ಬಿಡಬೇಕಾಗಿಲ್ಲ.

4. ಬಿ.ಎಸ್ಸಿ. ಕೃಷಿ 4 ವರ್ಷ. ಇಂಜಿನಿಯರಿಂಗ್ 4 ವರ್ಷ. ಪಶುವೈದ್ಯಕೀಯ ಮತ್ತು ಎಂ.ಬಿ.ಬಿ.ಎಸ್. ತರಬೇತಿ ವರ್ಷವೂ ಸೇರಿ ಐದೂವರೆ ವರ್ಷ. ರಾಜ್ಯದಲ್ಲಿ 2021ರಲ್ಲಿ ತಂದಿದ್ದ 4 ವರ್ಷದ ಬಿ.ಎ., ಬಿ.ಕಾಂ. ಕ್ರಮವನ್ನು ಕೈಬಿಟ್ಟು 2024-25ರಿಂದ ಮತ್ತೆ 3 ವರ್ಷದ ಪದವಿಗೆ ಮರಳಲಾಗಿದೆ. ಶಿಕ್ಷಕರಾಗಬೇಕೆನ್ನುವವರು ಇದಕ್ಕೆ ಬಿ.ಎಡ್.ನ 2 ವರ್ಷ ಸೇರಿಸಿ ಲೆಕ್ಕ ಹಾಕಬೇಕು.

5. ಪಿ.ಯು.ಸಿ. ವಿಜ್ಞಾನ ಕಷ್ಟವೆನಿಸುವ ಮಕ್ಕಳಿಗೆ ಎಸ್.ಎಸ್.ಎಲ್.ಸಿ. ನಂತರ ಬೇರೆ ದಾರಿಗಳಿವೆ. ಕೃಷಿ ವಿಶ್ವವಿದ್ಯಾನಿಲಯಗಳು ಕನ್ನಡ ಮಾಧ್ಯಮದಲ್ಲಿ 2 ವರ್ಷದ ಕೃಷಿ ಡಿಪ್ಲೊಮಾ ನಡೆಸುತ್ತ ಬಂದಿವೆ. ಪಾಲಿಟೆಕ್ನಿಕ್‌ನ 3 ವರ್ಷದ ಡಿಪ್ಲೊಮಾ ಮುಗಿಸಿದವರು ಇಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು.

ಇದರ ಜೊತೆಗೆ ಇನ್ನೊಂದು ವ್ಯತ್ಯಾಸವನ್ನು ಗಮನಿಸಬೇಕು. ಪದವಿಯಿಲ್ಲದೆ ಮಾಡಲಾಗದ ಕೆಲಸಗಳಿವೆ. ಬೇರೆ ಉದ್ಯೋಗದ ಜೊತೆಗೇ ಬೆಳೆಸಿಕೊಳ್ಳಬಹುದಾದ ಕೆಲಸಗಳೂ ಇವೆ. ಯಲಬುರ್ಗಾ ತಾಲ್ಲೂಕಿನ ದ್ಯಾಂಪುರದಲ್ಲಿ 1918ರಲ್ಲಿ ಹುಟ್ಟಿದ ಸಿದ್ದಯ್ಯ ಪುರಾಣಿಕರು ಹೈದರಾಬಾದ್ ಸಂಸ್ಥಾನದ ಆಡಳಿತ ಸೇವೆ ಸೇರಿ, ಮುಂದೆ ಐ.ಎ.ಎಸ್. ಅಧಿಕಾರಿಯಾದರು. ಕಚೇರಿಯ ಕೆಲಸದ ಜೊತೆಗೇ ಬರೆಯುತ್ತ ‘ಕಾವ್ಯಾನಂದ’ ಎಂಬ ಹೆಸರಿನಿಂದ ನಾಡಿಗೆ ಪರಿಚಿತರಾದರು. ‘ಕೊರವಂಜಿ’ ಪತ್ರಿಕೆ ನಡೆಸಿದ ರಾಶಿ ಅವರೂ, ಕಾದಂಬರಿಗಾರ್ತಿ ಅನುಪಮಾ ನಿರಂಜನ ಅವರೂ ವೃತ್ತಿಯಿಂದ ವೈದ್ಯರು. ವೈದ್ಯರು ಬಿಡುವಿನಲ್ಲಿ ಕಥೆ ಬರೆಯಬಹುದು. ಕಥೆಗಾರರು ಬಿಡುವಿನಲ್ಲಿ ವೈದ್ಯವೃತ್ತಿ ಮಾಡಲು ಬರುವುದಿಲ್ಲ. ಎರಡರ ಮೇಲೂ ಸಮನಾದ ಒಲವಿರುವ ಮಗುವಿಗೆ ಈ ಮಾತು ದಾರಿ ತೋರಿಸುತ್ತದೆ. ಆದರೆ ವಿಜ್ಞಾನದಲ್ಲಿ ಒಲವೇ ಇಲ್ಲದ ಮಗುವನ್ನು ಈ ನೆಪದಿಂದ ಪ್ರಯೋಗಶಾಲೆಗೆ ತಳ್ಳಬಾರದು. ಸಾಹಿತ್ಯ, ಇತಿಹಾಸ, ಅರ್ಥಶಾಸ್ತ್ರಗಳಲ್ಲಿ ಆಳವಾಗಿ ಓದುವುದೂ ಪೂರ್ಣಕಾಲದ ದುಡಿಮೆಯೇ.

ಹೆಸರನ್ನು ಬಿಟ್ಟು ನಿತ್ಯದ ಕೆಲಸವನ್ನು ನೋಡಬೇಕು

‘ಡಾಕ್ಟರು’, ‘ಇಂಜಿನಿಯರು’, ‘ಆಫೀಸರು’ ಎಂಬ ಹೆಸರುಗಳು ದೂರದಿಂದ ಚೆನ್ನಾಗಿ ಕಾಣುತ್ತವೆ. ಆ ಹೆಸರಿನ ಹಿಂದೆ ದಿನವಿಡೀ ಏನು ಮಾಡಬೇಕಾಗುತ್ತದೆ ಎಂಬುದನ್ನು ಮಕ್ಕಳು ನೋಡಿರುವುದಿಲ್ಲ. ಪಶುವೈದ್ಯರು ನಡುರಾತ್ರಿ ಕರು ಸಿಕ್ಕಿಕೊಂಡ ಎಮ್ಮೆಯ ಬಳಿ ಮೊಣಕೈವರೆಗೆ ಕೈಹಾಕಿ ಕುಳಿತಿರಬೇಕಾಗುತ್ತದೆ. ಕೃಷಿ ಅಧಿಕಾರಿಯು ಹೊಲ ಸುತ್ತುವುದರ ಜೊತೆಗೆ ಬೀಜ ವಿತರಣೆಯ ಸಾಲನ್ನೂ, ಬೆಳೆ ನಷ್ಟದ ಪಟ್ಟಿಯನ್ನೂ ನಿಭಾಯಿಸಬೇಕು. ಕಂಪ್ಯೂಟರ್ ಇಂಜಿನಿಯರು ಒಂದೇ ಕುರ್ಚಿಯಲ್ಲಿ ಹತ್ತು ತಾಸು ಕೂಡಬೇಕು. ಶಿಕ್ಷಕರು ಒಂದೇ ಪಾಠವನ್ನು ವರ್ಷವರ್ಷವೂ ಹೊಸ ಮಕ್ಕಳಿಗೆ ಬೇಸರವಿಲ್ಲದೆ ಹೇಳಬೇಕು.

ಪರೀಕ್ಷೆ ಮುಗಿದು ಫಲಿತಾಂಶ ಬರುವ ಮುಂಚಿನ ದಿನಗಳು ಇದನ್ನು ನೋಡಲು ಅತ್ಯುತ್ತಮ ಕಾಲ. ಹೊಸ ತಳಿಯನ್ನು ಇಡೀ ಹೊಲಕ್ಕೆ ಬಿತ್ತುವ ಮೊದಲು ಒಂದು ಗುಂಟೆಯಲ್ಲಿ ಪರೀಕ್ಷಿಸುವ ಕ್ರಮವನ್ನು ಇಲ್ಲಿಯೂ ಅನುಸರಿಸಬಹುದು. ಮನಸ್ಸಿನಲ್ಲಿರುವ ಎರಡು ಮೂರು ಉದ್ಯೋಗಗಳನ್ನು ಆರಿಸಿ, ಒಂದೊಂದಕ್ಕೆ ಮೂರು ನಾಲ್ಕು ದಿನ ಕೊಡಬೇಕು. ಅನುಮತಿ ಪಡೆದು ಪಶು ಆಸ್ಪತ್ರೆ, ರೈತ ಸಂಪರ್ಕ ಕೇಂದ್ರ, ಶಾಲೆ, ವಕೀಲರ ಕಚೇರಿ, ಕಾರ್ಖಾನೆ ಅಥವಾ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರಕ್ಕೆ ಹೋಗಿ ಕೆಲಸವನ್ನು ನೋಡಬೇಕು. ಅಲ್ಲಿರುವವರಿಗೆ ಮೂರು ಪ್ರಶ್ನೆ ಕೇಳಿದರೆ ಸಾಕು: ಈ ಕೆಲಸದಲ್ಲಿ ಅತಿ ಬೇಸರದ ಭಾಗ ಯಾವುದು? ಓದು ಮುಗಿದ ಎಷ್ಟು ವರ್ಷಕ್ಕೆ ನೆಲೆ ಸಿಕ್ಕಿತು? ಮತ್ತೆ ಹದಿನೆಂಟು ವರ್ಷವಾದರೆ ಇದನ್ನೇ ಆರಿಸುವಿರಾ? ಬೇಸರದ ಭಾಗ ತಿಳಿದ ಮೇಲೆಯೂ ಮಗುವಿಗೆ ಆ ಕೆಲಸ ಬೇಕೆನಿಸಿದರೆ ಅದನ್ನು ಒಲವಿನ ಗುರುತೆಂದು ತಿಳಿಯಬಹುದು.

ಬೇಸಾಯಕ್ಕೆ ಬೇಕಾದ ವಿದ್ಯೆ ಒಂದೇ ಅಲ್ಲ

‘ಜಾಣ ಮಗನನ್ನು ಇಂಜಿನಿಯರಿಂಗ್‌ಗೆ ಕಳಿಸಿ, ಓದು ಹತ್ತದವನನ್ನು ಕಮತಕ್ಕೆ ಹಚ್ಚಬೇಕು’ ಎಂಬ ಮಾತು ಹಳ್ಳಿಗಳಲ್ಲಿ ಸಾಮಾನ್ಯ. ಇದರಿಂದ ಕಮತಕ್ಕೂ ನಷ್ಟ, ಇಬ್ಬರು ಮಕ್ಕಳಿಗೂ ಅನ್ಯಾಯ.

ಗಂಗಾವತಿ ಭಾಗದ ಗದ್ದೆಗಳನ್ನೇ ನೋಡಬಹುದು. 1953ರಲ್ಲಿ ತುಂಗಭದ್ರಾ ನೀರು ಬಂದ ಮೇಲೆ ಈ ನೆಲ ಭತ್ತದ ಕಣಜವಾಯಿತು. ವರ್ಷಗಟ್ಟಲೆ ನೀರು ನಿಂತು ಸವಳು ಜವಳಿನ ಸಮಸ್ಯೆಯೂ ಬೆಳೆಯಿತು. ಇದನ್ನು ಸರಿಪಡಿಸಲು ಮಣ್ಣು ಪರೀಕ್ಷೆ ಮಾಡುವ ರಸಾಯನ ತಜ್ಞರು, ಬಸಿಗಾಲುವೆಯ ಇಳಿಜಾರು ಲೆಕ್ಕಹಾಕುವ ಇಂಜಿನಿಯರು, ಸವಳು ತಡೆಯುವ ತಳಿ ತೆಗೆಯುವ ತಳಿ ವಿಜ್ಞಾನಿ, ಕೊನೆಯ ಭಾಗದ ರೈತರಿಗೂ ನೀರು ಮುಟ್ಟುವಂತೆ ಸಂಘ ಕಟ್ಟುವ ಸಹಕಾರ ತಜ್ಞರು, ಎಲ್ಲರೂ ಬೇಕು. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೆಯ ಗೇಟು ಕೊಚ್ಚಿಹೋದಾಗ ರೈತರ ಬೆಳೆಗೆ ಬೇಕಾದ ನೀರು ನದಿಗೆ ಹರಿಯತೊಡಗಿತು. ಒಂದು ವಾರದೊಳಗೆ ತಾತ್ಕಾಲಿಕ ಗೇಟು ಇಳಿಸಿ ನೀರನ್ನು ಹಿಡಿದು ನಿಲ್ಲಿಸಿದವರು ಇಂಜಿನಿಯರುಗಳು ಮತ್ತು ಕಬ್ಬಿಣದ ಕೆಲಸ ಬಲ್ಲ ಕಾರ್ಮಿಕರು. ಆ ವಾರ ಲಕ್ಷಾಂತರ ಎಕರೆಯ ಭತ್ತ ಅವರ ಕೈಯಲ್ಲಿತ್ತು.

ಮನೆಯ ಮಗು ಬೇಸಾಯದಿಂದ ಬೇರೆ ವಿಷಯ ಆರಿಸಿದರೆ ನೆಲಕ್ಕೆ ಬೆನ್ನು ತಿರುಗಿಸಿತೆಂದು ತಂದೆ ನೊಂದುಕೊಳ್ಳಬೇಕಾಗಿಲ್ಲ. ಹಾಗೆಯೇ, ಚೆನ್ನಾಗಿ ಅಂಕ ಪಡೆದ ಮಗು ಬಿ.ಎಸ್ಸಿ. ಕೃಷಿ ಅಥವಾ ತೋಟಗಾರಿಕೆ ಬೇಕೆಂದರೆ ‘ಇಷ್ಟು ಅಂಕ ಪಡೆದು ಮತ್ತೆ ಮಣ್ಣಿಗೇ ಬರುವುದೇ’ ಎಂದು ತಡೆಯಲೂಬಾರದು. ಕೃಷಿ ಪದವೀಧರರಿಗೆ ಕೃಷಿ ಇಲಾಖೆ, ಬ್ಯಾಂಕುಗಳ ಕೃಷಿ ಅಧಿಕಾರಿ ಹುದ್ದೆ, ಬೀಜ ಮತ್ತು ಗೊಬ್ಬರದ ಉದ್ದಿಮೆ, ಸಂಶೋಧನೆ, ಸ್ವಂತ ಉದ್ಯಮ ಎಂಬ ಹಲವು ದಾರಿಗಳಿವೆ. ಆದರೆ ಪದವಿ ಪಡೆದ ಎಲ್ಲರಿಗೂ ಸರ್ಕಾರಿ ಹುದ್ದೆ ಸಿಗುತ್ತದೆಂಬ ಭರವಸೆಯಿಂದ ಸೇರುವುದು ಸರಿಯಲ್ಲ.

ಖರ್ಚಿನ ಲೆಕ್ಕ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ಮಕ್ಕಳ ಓದಿನ ಮುಂದೆ ಹೇಳಲು ತಂದೆತಾಯಿಗಳಿಗೆ ಸಂಕೋಚವಾಗುತ್ತದೆ. ಆದರೆ ಲೆಕ್ಕವನ್ನು ಮಕ್ಕಳಿಂದ ಮುಚ್ಚಿಡುವುದರಿಂದ ಹಾನಿಯೇ ಹೆಚ್ಚು. ಕೆಳಗಿನ ಅಂಕಿಗಳು ಲೆಕ್ಕದ ಕ್ರಮ ತಿಳಿಸಲು ಮಾತ್ರ. ಪ್ರತಿಯೊಂದು ಕುಟುಂಬವೂ ತನ್ನ ಅಂಕಿಗಳನ್ನು ಹಾಕಿಕೊಳ್ಳಬೇಕು.

ಆರು ಎಕರೆ ಒಣಬೇಸಾಯದ ಕುಟುಂಬವೊಂದು ಮನೆ ಖರ್ಚು ಕಳೆದು ವರ್ಷಕ್ಕೆ 60,000 ರೂಪಾಯಿ ಉಳಿಸುತ್ತದೆ ಎಂದಿಟ್ಟುಕೊಂಡರೆ, ಸರ್ಕಾರಿ ಸೀಟಿನ ಶುಲ್ಕ ಮತ್ತು ವಸತಿನಿಲಯದ ಖರ್ಚು ವರ್ಷಕ್ಕೆ 60,000 ರೂಪಾಯಿ ಆದಾಗ 4 ವರ್ಷದ ಓದು ಸಾಲವಿಲ್ಲದೆ ಮುಗಿಯುತ್ತದೆ. ಖಾಸಗಿ ಸೀಟಿಗೆ ವರ್ಷಕ್ಕೆ 2 ಲಕ್ಷ ರೂಪಾಯಿ ಬೇಕಾಗಿ ಅದನ್ನೆಲ್ಲ ಸಾಲ ತಂದರೆ, 4 ವರ್ಷಕ್ಕೆ ಅಸಲು 8 ಲಕ್ಷ. ಬ್ಯಾಂಕಿನಲ್ಲಿ ಶೇಕಡಾ 10ರ ಸರಳ ಬಡ್ಡಿಯಂತೆ ನಾಲ್ಕನೆಯ ವರ್ಷದ ಕೊನೆಗೆ ಬಡ್ಡಿ 2 ಲಕ್ಷ ಸೇರಿ ಒಟ್ಟು 10 ಲಕ್ಷ ಆಗುತ್ತದೆ. ಅದೇ ಹಣವನ್ನು ಊರಲ್ಲಿ ನೂರಕ್ಕೆ ತಿಂಗಳಿಗೆ 2 ರೂಪಾಯಿ ಬಡ್ಡಿಗೆ ತಂದರೆ ಬಡ್ಡಿ 4 ಲಕ್ಷದ 80 ಸಾವಿರ, ಒಟ್ಟು 12 ಲಕ್ಷದ 80 ಸಾವಿರ. ಇದನ್ನೇ ಅಸಲೆಂದು ಹಿಡಿದರೆ ಮುಂದೆ ತಿಂಗಳಿಗೆ ಬಡ್ಡಿಯೇ 25,600 ರೂಪಾಯಿ. ಮಗುವಿಗೆ ಮೊದಲ ನೌಕರಿಯಲ್ಲಿ 20,000 ರೂಪಾಯಿ ಸಂಬಳ ಸಿಕ್ಕರೆ ಅದು ಬಡ್ಡಿಗೂ ಸಾಲದು. ಜಮೀನು ಕೈಬಿಡುವುದು ಇಂತಹ ಲೆಕ್ಕದಲ್ಲಿ.

ಬ್ಯಾಂಕುಗಳ ಶೈಕ್ಷಣಿಕ ಸಾಲದಲ್ಲಿ ಸಾಮಾನ್ಯವಾಗಿ ಓದು ಮುಗಿದ ಒಂದು ವರ್ಷದ ನಂತರ ಕಂತು ಆರಂಭವಾಗುತ್ತದೆ. 7.5 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಆಸ್ತಿಯ ಭದ್ರತೆ ಕೇಳದಂತೆ ಕೇಂದ್ರ ಸರ್ಕಾರದ ಖಾತರಿ ಯೋಜನೆಯಿದೆ. ಹೀಗಿರುವಾಗ ಕೈಗಡ ಬಡ್ಡಿಗೆ ಸಾಲ ತರುವ ಮೊದಲು, ಹೊಲ ಅಡವಿಡುವ ಮೊದಲು ಬ್ಯಾಂಕಿಗೆ ಹೋಗಿ ವಿಚಾರಿಸಲೇಬೇಕು. ಖಾಸಗಿ ಸೀಟಿನ ಒಂದು ಪದವಿಗಾಗಿ ಜಮೀನು ಮಾರಬೇಕಾದ ಸ್ಥಿತಿ ಬಂದರೆ, ಅದಕ್ಕೆ ಹತ್ತಿರವಾದ ಇನ್ನೊಂದು ಪದವಿ ಸರ್ಕಾರಿ ಸೀಟಿನಲ್ಲಿ ದೊರೆಯುವುದೇ ಎಂದು ಮೊದಲು ನೋಡುವುದು ಜಾಣತನ. ಜಮೀನು ಉಳಿದಿದ್ದರೆ ಎರಡನೆಯ ಮಗುವಿನ ಓದಿಗೂ ಆಧಾರವಿರುತ್ತದೆ.

ಈ ಭಾಗದ ವಿದ್ಯಾರ್ಥಿಗಳಿಗಿರುವ ಸೌಲಭ್ಯಗಳು

ಸಂವಿಧಾನದ 371(ಜೆ) ವಿಧಿಯ ಪ್ರಕಾರ 2013ರಿಂದ ಕಲ್ಯಾಣ ಕರ್ನಾಟಕದ ಸ್ಥಳೀಯ ಅಭ್ಯರ್ಥಿಗಳಿಗೆ, ಈ ಪ್ರದೇಶದ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 70 ಮತ್ತು ರಾಜ್ಯದ ಉಳಿದ ಕಡೆಯ ಸಂಸ್ಥೆಗಳಲ್ಲಿ ಶೇಕಡಾ 8 ಸೀಟುಗಳ ಮೀಸಲಾತಿ ಇದೆ. ಕೊಪ್ಪಳ ಜಿಲ್ಲೆ ಇದರಲ್ಲಿ ಸೇರಿದೆ. ಇದಕ್ಕೆ ಬೇಕಾದ ಅರ್ಹತಾ ಪ್ರಮಾಣಪತ್ರವನ್ನು ಉಪವಿಭಾಗಾಧಿಕಾರಿಗಳು ಕೊಡುತ್ತಾರೆ. ಫಲಿತಾಂಶ ಬಂದ ಮೇಲೆ ಕಚೇರಿಗೆ ಅಲೆಯುವ ಬದಲು ಪ್ರಥಮ ಪಿ.ಯು.ಸಿ.ಯಲ್ಲಿರುವಾಗಲೇ ಇದನ್ನು ಪಡೆದಿಟ್ಟುಕೊಳ್ಳುವುದು ಒಳ್ಳೆಯದು.

ಕೃಷಿ, ತೋಟಗಾರಿಕೆ, ಪಶುವೈದ್ಯಕೀಯ ಮುಂತಾದ ಪದವಿಗಳಲ್ಲಿ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಪಾಲು ಇದೆ. 2021ರಲ್ಲಿ ಇದನ್ನು ಶೇಕಡಾ 40ರಿಂದ 50ಕ್ಕೆ ಏರಿಸಲಾಯಿತು. ಈ ಪಾಲಿಗೆ ಸಿ.ಇ.ಟಿ. ಜೊತೆಗೆ ಪ್ರಾಯೋಗಿಕ ಪರೀಕ್ಷೆಯೂ ಇರುತ್ತದೆ. ಬೀಜ, ಕಳೆ, ಗೊಬ್ಬರ, ಬೇಸಾಯದ ಉಪಕರಣ ಮುಂತಾದವುಗಳನ್ನು ಅಲ್ಲಿ ಗುರುತಿಸಬೇಕು. ಓದಿಗೆ ಅಡ್ಡಿಯಾಗದಿರಲೆಂದು ಮಗುವನ್ನು ಹೊಲಕ್ಕೇ ಬಿಡದ ತಂದೆತಾಯಿಗಳು ಈ ಪರೀಕ್ಷೆಯಲ್ಲಿ ಮಗು ಸಜ್ಜೆಯನ್ನೂ ನವಣೆಯನ್ನೂ ಬೇರೆ ಮಾಡಲಾಗದೆ ನಿಂತುಬಿಡುವ ಸಾಧ್ಯತೆಯನ್ನು ನೆನಪಿಡಬೇಕು. ರಜೆಯಲ್ಲಿ ಕೂರಿಗೆ, ಕುಂಟೆ, ಎಡೆಕುಂಟೆಗಳ ಪರಿಚಯ ಮಾಡಿಸುವುದೂ ಪರೀಕ್ಷೆಯ ತಯಾರಿಯೇ.

ಗ್ರಾಮೀಣ ವ್ಯಾಸಂಗ ಮತ್ತು ಕನ್ನಡ ಮಾಧ್ಯಮದ ವ್ಯಾಸಂಗಕ್ಕೂ ಸಿ.ಇ.ಟಿ. ಸೀಟುಗಳಲ್ಲಿ ಮೀಸಲಾತಿ ಇದೆ. ಒಂದರಿಂದ ಹತ್ತನೆಯ ತರಗತಿಯವರೆಗೆ ಓದಿದ ಶಾಲೆಗಳಿಂದ ಪಡೆದ ಪ್ರಮಾಣಪತ್ರಗಳಿಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಬೇಕು. ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗಬಹುದಾದ್ದರಿಂದ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಆ ವರ್ಷದ ಕೈಪಿಡಿಯನ್ನು ಪೂರ್ತಿಯಾಗಿ ಓದಬೇಕು.

ಹೆಣ್ಣುಮಕ್ಕಳ ವಿಷಯ

ಮಗಳ ಓದಿನ ಪ್ರಶ್ನೆ ಬಂದಾಗ ಅನೇಕ ಮನೆಗಳಲ್ಲಿ ‘ಊರಿಗೆ ಹತ್ತಿರ ಯಾವ ಕಾಲೇಜಿದೆ’ ಎಂಬುದೇ ಮೊದಲ ಮತ್ತು ಕೊನೆಯ ಪ್ರಶ್ನೆಯಾಗುತ್ತದೆ. ಮಗನಿಗೆ ವಿಷಯ ನೋಡಿ ಕಾಲೇಜು, ಮಗಳಿಗೆ ಕಾಲೇಜು ನೋಡಿ ವಿಷಯ ಎಂಬ ಈ ಪದ್ಧತಿ ತಪ್ಪು. ಕೃಷಿ ವಿಶ್ವವಿದ್ಯಾನಿಲಯಗಳಲ್ಲಿ ವಿದ್ಯಾರ್ಥಿನಿಯರಿಗೆ ಪ್ರತ್ಯೇಕ ವಸತಿನಿಲಯಗಳಿವೆ. ಹಾಲು ಕರೆಯುವುದು, ಕಳೆ ತೆಗೆಯುವುದು, ಬೀಜ ಹಸನು ಮಾಡಿ ಇಡುವುದು ಮುಂತಾದ ಕೆಲಸಗಳಲ್ಲಿ ಹೆಚ್ಚಿನ ಪಾಲು ಹೆಂಗಸರದೇ ಆಗಿರುವಾಗ, ಆ ವಿದ್ಯೆಯಲ್ಲಿ ಪದವಿ ಪಡೆಯಲು ಮಗಳಿಗಿಂತ ತಕ್ಕವರು ಯಾರು? ತಾಯಿಯೊಡನೆ ಒಮ್ಮೆ ಕಾಲೇಜಿಗೆ ಹೋಗಿ ವಸತಿನಿಲಯ ನೋಡಿ ಬಂದರೆ ಅರ್ಧ ಭಯ ಕಳೆಯುತ್ತದೆ.

ಒಂದು ಉದಾಹರಣೆ

ಯಲಬುರ್ಗಾ ಭಾಗದ ವಿದ್ಯಾರ್ಥಿನಿಯೊಬ್ಬಳು ವಿಜ್ಞಾನದ ನಾಲ್ಕೂ ವಿಷಯಗಳಲ್ಲಿ ಪಿ.ಯು.ಸಿ. ಮುಗಿಸಿದ್ದಾಳೆ ಎಂದಿಟ್ಟುಕೊಳ್ಳಬಹುದು. ಆಕೆಗೆ ಕನ್ನಡದಲ್ಲಿ ಆಸೆ. ಪ್ರಬಂಧ ಸ್ಪರ್ಧೆಗಳಲ್ಲಿ ಬಹುಮಾನ ಬಂದಿದೆ. ಮನೆಯಲ್ಲಿ ಎಮ್ಮೆಗಳಿದ್ದು ಪಶುವೈದ್ಯಕೀಯವೂ ಮನಸ್ಸಿನಲ್ಲಿದೆ. ಸೋದರಮಾವ ಇಂಜಿನಿಯರಿಂಗ್ ಎನ್ನುತ್ತಾನೆ. ಆ ಮನೆಯವರು ಹೀಗೆ ಮುಂದುವರಿಯಬಹುದು.

ಮೊದಲು, ಮೂರೂ ದಾರಿಗಳನ್ನು ಒಂದು ಹಾಳೆಯಲ್ಲಿ ಬರೆದು ವರ್ಷ, ಖರ್ಚು, ಸೀಟು ದೊರೆಯುವ ಸಂಭವ, ನಂತರದ ಕೆಲಸಗಳನ್ನು ಎದುರಿಗೆ ತುಂಬಬೇಕು. ಎರಡನೆಯದಾಗಿ, ಇಂಜಿನಿಯರಿಂಗ್ ಬೇಕೆನ್ನುವುದು ಮಾವನೋ ಮಗಳೋ ಎಂದು ನೇರವಾಗಿ ಕೇಳಬೇಕು. ಅವಳದಲ್ಲವಾದರೆ ಅದನ್ನು ಹಾಳೆಯಿಂದ ಹೊಡೆದುಹಾಕಬೇಕು. ಮೂರನೆಯದಾಗಿ, ಅವಳು ಪಶು ಆಸ್ಪತ್ರೆಯಲ್ಲಿ ನಾಲ್ಕು ದಿನ ಕಳೆಯಬೇಕು. ಪದವಿ ಕಾಲೇಜಿನ ಕನ್ನಡ ಅಧ್ಯಾಪಕರನ್ನೂ ಕಂಡು ಆ ಓದಿನ ಸ್ವರೂಪ ತಿಳಿಯಬೇಕು. ರಕ್ತ, ಕೀವು ಕಂಡು ಅಸಹ್ಯಪಟ್ಟು ಬಂದರೆ ಕನ್ನಡದ ದಾರಿ ತಾನಾಗಿ ಸ್ಪಷ್ಟವಾಗುತ್ತದೆ. ಅದನ್ನು ಸೋಲೆಂದು ಭಾವಿಸದೆ ಬಿ.ಎ., ಎಂ.ಎ., ಬಿ.ಎಡ್.ಗಳ ಖರ್ಚು ಮತ್ತು ಕಾಲವನ್ನು ಅಷ್ಟೇ ಗಂಭೀರವಾಗಿ ಲೆಕ್ಕ ಹಾಕಬೇಕು. ಆಸ್ಪತ್ರೆಯ ಕೆಲಸ ಹಿಡಿಸಿದರೆ ಪಶುವೈದ್ಯಕೀಯವನ್ನು ಮೊದಲ ಆಯ್ಕೆಯಾಗಿ, ಬಿ.ಎಸ್ಸಿ. ಕೃಷಿಯನ್ನು ಎರಡನೆಯದಾಗಿ ಕೊಡಬಹುದು. ಬರವಣಿಗೆಯನ್ನು ಜೊತೆಗೆ ಉಳಿಸಿಕೊಳ್ಳಬಹುದು. ಹೈನುಗಾರಿಕೆಯ ಬಗ್ಗೆ ರೈತರಿಗೆ ತಿಳಿಯುವ ಕನ್ನಡದಲ್ಲಿ ಬರೆಯಬಲ್ಲ ಪಶುವೈದ್ಯರು ನಾಡಿಗೆ ಬಹಳ ಬೇಕಾಗಿದ್ದಾರೆ. ಕೊನೆಯದಾಗಿ, ಸೀಟು ತಪ್ಪಿದರೆ ಒಂದು ವರ್ಷಕ್ಕಿಂತ ಹೆಚ್ಚು ಕಾಯುವುದಿಲ್ಲವೆಂದು ಮೊದಲೇ ನಿಶ್ಚಯಿಸಬೇಕು. ಪರೀಕ್ಷೆಗಾಗಿ ಎರಡು ಮೂರು ವರ್ಷ ಕೂತುಬಿಟ್ಟ ಮಕ್ಕಳು ಬಹುಮಟ್ಟಿಗೆ ಧೈರ್ಯವನ್ನೂ ಕಳೆದುಕೊಳ್ಳುತ್ತಾರೆ.

ದಾರಿ ಬದಲಿಸಿದವರೂ ಉಂಟು

ಒಮ್ಮೆ ಆರಿಸಿದ್ದೇ ಹಣೆಬರಹ ಎಂದು ಹೆದರಬೇಕಾಗಿಲ್ಲ. ಡಾ. ಎಂ.ಎಸ್. ಸ್ವಾಮಿನಾಥನ್ ಅವರ ತಂದೆ ಶಸ್ತ್ರವೈದ್ಯರು. ಮಗನೂ ವೈದ್ಯನಾಗುವನೆಂದು ಮನೆಯವರ ನಿರೀಕ್ಷೆ. 1943ರ ಬಂಗಾಳದ ಕ್ಷಾಮವು ಅವರ ಮನಸ್ಸನ್ನು ಬದಲಿಸಿತು. ಪ್ರಾಣಿಶಾಸ್ತ್ರದ ಪದವಿ ಪಡೆದ ಮೇಲೆ ಅವರು ಕೊಯಮತ್ತೂರಿನ ಕೃಷಿ ಕಾಲೇಜು ಸೇರಿದರು. ಮುಂದೆ ಭಾರತೀಯ ಪೊಲೀಸ್ ಸೇವೆಗೆ ಆಯ್ಕೆಯಾದಾಗ, ಅದೇ ಹೊತ್ತಿಗೆ ದೊರೆತ ತಳಿ ವಿಜ್ಞಾನದ ಶಿಷ್ಯವೇತನವನ್ನು ಆರಿಸಿಕೊಂಡು 1949ರಲ್ಲಿ ನೆದರ್ಲೆಂಡ್ಸ್‌ಗೆ ಹೋದರು. ಹಸಿರು ಕ್ರಾಂತಿಯಲ್ಲಿ ಅವರ ಪಾತ್ರವನ್ನು ರೈತರೆಲ್ಲ ಬಲ್ಲರು. 2024ರಲ್ಲಿ ಅವರಿಗೆ ಮರಣೋತ್ತರವಾಗಿ ಭಾರತರತ್ನ ಸಂದಿತು. ಗಿಡ್ಡ ಗೋಧಿಯ ತಳಿಗಳಿಂದ ಹೆಸರಾಗಿ 1970ರಲ್ಲಿ ನೊಬೆಲ್ ಶಾಂತಿ ಪಾರಿತೋಷಕ ಪಡೆದ ನಾರ್ಮನ್ ಬೋರ್ಲಾಗ್ ಮೊದಲು ಓದಿದ್ದು ಅರಣ್ಯ ವಿಜ್ಞಾನ. ತುಕ್ಕುರೋಗದ ಮೇಲಿನ ಒಂದು ಉಪನ್ಯಾಸ ಕೇಳಿದ ನಂತರ ಅವರು ಸಸ್ಯರೋಗ ವಿಜ್ಞಾನಕ್ಕೆ ತಿರುಗಿದರು.

ಇವರಿಬ್ಬರೂ ಹಿಂದಿನ ಓದನ್ನು ವ್ಯರ್ಥ ಮಾಡಲಿಲ್ಲ. ಒಬ್ಬರು ಪ್ರಾಣಿಶಾಸ್ತ್ರದಿಂದ, ಇನ್ನೊಬ್ಬರು ಅರಣ್ಯದಿಂದ ಪಕ್ಕದ ಹೊಲಕ್ಕೆ ದಾಟಿದರು. ಆದುದರಿಂದ ಸಂದೇಹವಿರುವಾಗ, ಪಕ್ಕದ ಹೊಲಗಳಿಗೆ ದಾರಿಯಿರುವ ಪದವಿಯನ್ನು ಆರಿಸುವುದು ಸುರಕ್ಷಿತ. ಸೇರಿದ ಮೊದಲ ವರ್ಷದಲ್ಲಿಯೇ ವಿಷಯ ಒಗ್ಗುವುದಿಲ್ಲವೆಂದು ಖಚಿತವಾದರೆ ಮಗು ಅದನ್ನು ಮನೆಯಲ್ಲಿ ಹೇಳುವಂತಿರಬೇಕು. ಸಾಲ ಮಾಡಿ ಕಳಿಸಿದ ತಂದೆಗೆ ಹೇಳಲಾರದೆ ನಾಲ್ಕು ವರ್ಷ ನುಂಗಿಕೊಂಡು ಕುಳಿತ ಮಕ್ಕಳಿಂದ ಸಾಲವೂ ತೀರುವುದಿಲ್ಲ, ಸಂತೋಷವೂ ಬರುವುದಿಲ್ಲ.

ನೆನಪಿಡಬೇಕಾದ ಅಂಶಗಳು

1. ಪಕ್ಕದ ಮನೆಯ ಮಗು ಏನು ಓದಿತು ಎಂಬುದರ ಮೇಲೆ ತೀರ್ಮಾನ ಮಾಡಬಾರದು.
2. ಈಗ ಬಿಟ್ಟರೆ ಮುಚ್ಚುವ ದಾರಿ ಯಾವುದು, ಮುಂದೆಯೂ ತೆರೆದಿರುವುದು ಯಾವುದು ಎಂದು ಮೊದಲು ತಿಳಿಯಬೇಕು.
3. ಆಯ್ಕೆಗೆ ಮುಂಚೆ ಮಗು ಆ ಕೆಲಸವನ್ನು ಕೆಲವು ದಿನ ಕಣ್ಣಾರೆ ನೋಡಬೇಕು.
4. ಖರ್ಚು, ಸಾಲ, ಬಡ್ಡಿಯ ಲೆಕ್ಕವನ್ನು ಮಗುವಿನೊಡನೆ ಕುಳಿತು ಮಾಡಬೇಕು. ಕೈಗಡ ಬಡ್ಡಿ ಸಾಲದಿಂದ ಪದವಿ ಕೊಡಿಸಬಾರದು.
5. 371(ಜೆ), ಕೃಷಿಕರ ಮಕ್ಕಳ ಪಾಲು, ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಪ್ರಮಾಣಪತ್ರಗಳನ್ನು ಮುಂಚಿತವಾಗಿ ಸಿದ್ಧವಿಡಬೇಕು.
6. ಮಗನಿಗೂ ಮಗಳಿಗೂ ಒಂದೇ ಅಳತೆಗೋಲು ಇರಬೇಕು.
7. ಎರಡನೆಯ ಆಯ್ಕೆಯನ್ನೂ, ಕಾಯುವ ಅವಧಿಯನ್ನೂ ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಮುಂಗಾರು ಬಿತ್ತನೆಗೆ ಹದ ಬರುವವರೆಗೆ ರೈತ ಕಾಯುತ್ತಾನೆ. ಹದ ಬಂದ ದಿನ ತಡಮಾಡುವುದಿಲ್ಲ. ಮಕ್ಕಳ ಓದಿನ ವಿಷಯದಲ್ಲಿಯೂ ಪಿ.ಯು.ಸಿ.ಯ ಎರಡು ವರ್ಷಗಳನ್ನು ವಿಚಾರಿಸುವುದಕ್ಕೆ, ನೋಡುವುದಕ್ಕೆ, ಲೆಕ್ಕ ಹಾಕುವುದಕ್ಕೆ ಬಳಸಿಕೊಂಡರೆ, ಸೀಟು ಆರಿಸುವ ದಿನ ಕೈ ನಡುಗಬೇಕಾಗಿಲ್ಲ.